ನಮ್ಮ ಇಶಾಡಕ್ಕೆ ಆಪೂಸಿನ ತಲೆಬರಹ

ಕಳೆದ ವರ್ಷದ ಮಾವಿನ ಹಂಗಾಮು. ಅಂಕೋಲೆ ಹತ್ತಿರದ ಅವರ್ಸಾದ ನಮ್ಮ ಹಿತ್ತಿಲಿನಲ್ಲಿ, ಕರಿ ಇಶಾಡ ಎಂಬ ನಮ್ಮ ಕಡೆಯ ತಳಿಯ ಮರಗಳಲ್ಲಿ ಎಲೆಗಿಂತ ಕಾಯಿಯೇ ಹೆಚ್ಚು ಕಾಣುತ್ತಿತ್ತು. ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವುದು ಶಾಲೆಯಲ್ಲಿ ಕಲಿಸುವ ನನ್ನಿಂದ ಆಗದ ಕೆಲಸ. ಹಾಗಾಗಿ ಕಾರವಾರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಹಣಕೋಣದ ಸಂದೇಶ ಎಂಬ ಹುಡುಗನಿಂದ ಒಂದು ಪುಟ ಮಾಡಿಸಿದೆ. ಹಣ್ಣಿನ ವಿವರವನ್ನೂ, ಶಾಲೆಯಲ್ಲಿ ಕಲಿಸುವವಳೆಂದು ನನ್ನ ಪರಿಚಯವನ್ನೂ ನಾನೇ ಬರೆದುಕೊಟ್ಟೆ. ಸಿಪ್ಪೆ ತೆಳು, ತಿರುಳು ಜಾಸ್ತಿ, ಹಣ್ಣಾದ ಮೇಲೆ ಹೆಚ್ಚು ದಿನ ಇಡಲಾಗದು ಎಂಬುದನ್ನೂ ಮುಚ್ಚಿಡಲಿಲ್ಲ.

ಆರ್ಡರ್‌ಗಳು ಬರತೊಡಗಿದವು. ನಾನು ಹಿಗ್ಗಿದೆ. ಮೊದಲ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದ ಮರುದಿನವೇ ಅದನ್ನು ತರಿಸಿಕೊಂಡವರ ಫೋನು ಬಂತು.

"ಏನ್ರೀ ಮೇಡಂ, ರತ್ನಾಗಿರಿ ಆಪೂಸ್ ಅಂತ ಹೇಳಿ ಇದ್ಯಾವ ಹಣ್ಣು ಕಳ್ಸೀರಿ? ಸಾಲಿ ಕಲ್ಸೋರು ಅಂತ ನಂಬಿದ್ವಿ. ಹಿಂಗ ಮೋಸ ಮಾಡೂದಾ?"

ಆಪೂಸ್ ಎಂದು ನಾನು ಎಲ್ಲೂ ಬರೆದಿಲ್ಲ ಎಂದೆ. ಅವರು ತಮ್ಮ ಮೊಬೈಲಿನಲ್ಲಿ ಕಂಡಿದ್ದರ ಚಿತ್ರ ತೆಗೆದು ಕಳಿಸಿದರು. ನೆಟ್‌ನಲ್ಲಿ ಮಾವು ಎಂದು ಹುಡುಕಿದಾಗ ಸಾಲಾಗಿ ಬರುವ ನೀಲಿ ಅಕ್ಷರದ ತಲೆಬರಹಗಳಲ್ಲಿ ನಮ್ಮದೂ ಇತ್ತು: 'ರತ್ನಾಗಿರಿ ಆಪೂಸ್, ಅತ್ಯುತ್ತಮ ಆಪೂಸ್, ಅಗ್ಗದ ಆಪೂಸ್'. ಅದನ್ನು ಒತ್ತಿ ಒಳಗೆ ಹೋದರೆ ಮಾತ್ರ ಇಶಾಡ. ನಾನು ನೋಡಿದ್ದು ಒಳಗಿನ ಪುಟವನ್ನಷ್ಟೇ.

ಮೈಯೆಲ್ಲ ಉರಿದುಹೋಯಿತು. ಮಕ್ಕಳ ಪ್ರಬಂಧದಲ್ಲಿ ತಲೆಬರಹ ಒಂದು, ಒಳಗಿನ ವಿಷಯ ಇನ್ನೊಂದು ಇದ್ದರೆ ಕೆಂಪು ಗೆರೆ ಎಳೆಯುವವಳು ನಾನು. ಈಗ ನನ್ನ ಹಣೆಗೇ ಮೋಸಗಾತಿ ಎಂಬ ಹೆಸರು ಅಂಟಿತಲ್ಲ ಎಂದು ಸಿಕ್ಕಿದ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ.

ಸಂದೇಶ ನಕ್ಕ. "ಸಿಟ್ಟು ಮಾಡ್ಬೇಡಿ ಅಕ್ಕೋರೆ. ಇಶಾಡ ಅಂದ್ರೆ ನಮ್ಗೆ ನಿಮ್ಗೆ ಗೊತ್ತು. ಹೊರಗಿನವ್ರು ಯಾರು ಹುಡುಕ್ತಾರೆ? ಜನ ಹುಡುಕೋ ಹೆಸ್ರು ಹಾಕಿದ್ರೇ ನಮ್ದು ಮೇಲೆ ಬರ್ತದೆ."

ಆ ನಗು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

"ನಿಮ್ಮನೇಲಿ ಆಯಿ ರಸಾಯನ ಮಾಡೂದು ಯಾವ ಹಣ್ಣಿಂದು ತಮಾ?"

"ಇಶಾಡದ್ದೇ."

"ಅದ್ಕೆ ಆಪೂಸ್ ಅಂತೀರೇನು? ನಾವೇ ನಮ್ಮ ಹಣ್ಣಿನ ಹೆಸ್ರು ಬರೀದಿದ್ರೆ, ಹುಡುಕೋರಿಗೆ ಅದು ಸಿಗೂದಾದ್ರೂ ಎಲ್ಲಿ?"

ಅವನು ಕಂಪ್ಯೂಟರಿನಲ್ಲಿ ನಮ್ಮ ಪುಟ ತೆರೆದ. ಪಕ್ಕದಲ್ಲೇ ಕೂತು ತಲೆಬರಹ ಬದಲು ಮಾಡಿಸಿದೆ: 'ಅಂಕೋಲೆಯ ಕರಿ ಇಶಾಡ ಮಾವು, ಅವರ್ಸಾದ ಹಿತ್ತಿಲಿನಿಂದ'. ಯಾವ ಹಣ್ಣು, ಯಾವ ಊರು, ಅಷ್ಟೇ ಸಾಕು. ಅತ್ಯುತ್ತಮ, ಅಗ್ಗ ಎಂಬುದನ್ನೆಲ್ಲ ಅಳಿಸಿಹಾಕಿಸಿದೆ. ಹುಬ್ಬಳ್ಳಿಯವರ ಕ್ಷಮೆ ಕೇಳಿದೆ. ಅವರು "ಆತು ಬಿಡ್ರಿ" ಎಂದರೇ ಹೊರತು ಮತ್ತೆ ಹಣ್ಣು ಕೇಳಲಿಲ್ಲ.

ಸಂದೇಶ ಹೇಳಿದಂತೆ ಆರ್ಡರ್ ಕಡಿಮೆಯಾದದ್ದು ನಿಜ. ಹಂಗಾಮು ಮುಗಿಯುತ್ತ ಬಂದಾಗ ಪುಣೆಯಿಂದ ಒಬ್ಬ ಹೆಂಗಸಿನ ಫೋನು ಬಂತು. ಅವರ ತವರು ಅಂಕೋಲೆಯಂತೆ.

"ಪ್ರತಿ ವರ್ಷ ಇಶಾಡ ಅಂತ ಹುಡುಕ್ತೆ, ಬರೀ ಆಪೂಸೇ ಬರ್ತದೆ. ಈ ಸಲ ನಿಮ್ದು ಸಿಕ್ತು. ಕರಿದೇ ಹೌದಲ್ರಾ? ಬಿಳಿ ಇಶಾಡ ಅಲ್ಲ ಅಲ್ದಾ?"

ಕರಿದೇ ಎಂದು ಹೇಳಿ ಅವರ ವಿಳಾಸ ಬರೆದುಕೊಂಡೆ. ಆ ಸುಳ್ಳು ತಲೆಬರಹ ನೆನಪಾದರೆ ಇವತ್ತಿಗೂ ಸಿಟ್ಟು ಬರುತ್ತದೆ. ನಮ್ಮ ಹಣ್ಣನ್ನು ಹೆಸರು ಹಿಡಿದು ಹುಡುಕಿಕೊಂಡು ಬರುವವರಿದ್ದರು. ಅವರಿಗೆ ಅದು ಸಿಗದಂತೆ ಮಾಡಿದ್ದು ರತ್ನಾಗಿರಿಯವರಲ್ಲ, ಅದರ ಹೆಸರು ಬರೆಯದ ನಾವೇ.