ಅರ್ಧ ಗಂಟೆಯ ಗೇಟು

ಐವತ್ತೆರಡನೆಯ ವಯಸ್ಸಿನಲ್ಲಿ ಓಡಲು ಶುರುಮಾಡಿದ ಹೆಂಗಸನ್ನು ಕಂಡರೆ ಜನ ಎರಡೇ ಮಾತು ಆಡುತ್ತಾರೆ. ಡಾಕ್ಟರು ಹೆದರಿಸಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು. ದರ್ಜಿ ಸೂಜಮ್ಮನ ವಿಷಯದಲ್ಲಿ ಎರಡೂ ಸುಳ್ಳು. ಅವಳು ಓಡುತ್ತಿದ್ದದ್ದು ಸಿಟ್ಟಿಗೆ.

ಸೂಜಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸಕ್ಕೆ ಗಿರಾಕಿಗಳು ಕೊಟ್ಟ ಬಿರುದು. ಬಾಯಲ್ಲಿ ಸೂಜಿ ಇರುವ ತನಕ ಪರವಾಗಿಲ್ಲ. ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳೆಂದರೆ ಎದುರಿಗಿದ್ದವನು ತನ್ನ ಬಟ್ಟೆ ಇಸಿದುಕೊಂಡು ಜಾಗ ಖಾಲಿ ಮಾಡುವುದು ಲೇಸು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಒಂದು ತುಳಿಯುವ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳನ್ನು ಸ್ವಲ್ಪ ತೆಳ್ಳಗೆ ತೋರಿಸುವ ಒಂದು ಕನ್ನಡಿ. ಆ ಕನ್ನಡಿಯನ್ನು ಅವಳು ಯಾವ ಬೆಲೆಗೂ ಬದಲಾಯಿಸುತ್ತಿರಲಿಲ್ಲ. ಮೂವತ್ತು ವರ್ಷದಿಂದ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವಳು. ದರ್ಜಿಗಳಲ್ಲಿ ಇದೊಂದು ಅಪರೂಪದ ಕಾಯಿಲೆ.

ಅವಳಿಗೆ ಇದ್ದವಳು ಒಬ್ಬಳೇ ಅಕ್ಕ. ಕೆರೆಯ ಆಚೆ, ಕಾಡು ಮುಗಿಯುವಲ್ಲಿ ಇಪ್ಪತ್ತು ಮನೆಗಳ ಹಳ್ಳಿಯಲ್ಲಿ ವಾಸ. ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಎದ್ದು ನಿಲ್ಲಲಾರಳು. ಸಂಜೆಗೆ ಪಕ್ಕದ ಮನೆಯವರು ಬರುತ್ತಿದ್ದರು. ಬೆಳಿಗ್ಗೆ ಅವಳನ್ನು ಎಬ್ಬಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿ, ಹೊಟ್ಟೆಗೆ ಹಾಕಿ ಕುರ್ಚಿಯಲ್ಲಿ ಕೂರಿಸುವ ಕೆಲಸ ಸೂಜಮ್ಮನದು. ಹಳ್ಳಿಗಿದ್ದದ್ದು ಒಂದೇ ಬಸ್ಸು. ಅದು ಬೆಳಿಗ್ಗೆ ಎಂಟಕ್ಕೆ ಅಲ್ಲಿಂದ ಹೊರಟು, ಸುತ್ತುದಾರಿ ಹಿಡಿದು ಪಟ್ಟಣಕ್ಕೆ ಬರುತ್ತಿತ್ತು. ವಾಪಸ್ಸು ಹೋಗುತ್ತಿದ್ದದ್ದು ಸಂಜೆಗೆ. ಆದ್ದರಿಂದ ಅವಳು ಬರುವಾಗ ಬಸ್ಸು, ಹೋಗುವಾಗ ಕಾಲುದಾರಿ. ಕೆರೆಯ ಅಂಚು, ಹೊಳೆಯ ಮೇಲಿನ ಹಲಗೆ ಸೇತುವೆ, ಆಮೇಲೆ ಕಾಡು. ಅವಳ ಅಜ್ಜಿಯ ಕಾಲದಿಂದಲೂ ಊರಿಗೆ ಊರೇ ತುಳಿದ ದಾರಿ ಅದು.

ಆ ದಾರಿಯ ಎರಡೂ ಕಡೆಯ ಜಮೀನನ್ನು ಪ್ಲೈವುಡ್ ವ್ಯಾಪಾರದಲ್ಲಿ ಮೇಲೆ ಬಂದ ಸಾಹುಕಾರನೊಬ್ಬ ಕೊಂಡ. ಕೆರೆಗೆ ಮುಖ ಮಾಡಿ ಹನ್ನೆರಡು ಕೋಣೆಗಳ ಲಾಡ್ಜು ಕಟ್ಟಿದ. ದಾರಿಯ ಎರಡೂ ತುದಿಗೆ ಗೇಟು ಹಾಕಿ, ಆಳೆತ್ತರದ ತಂತಿಬೇಲಿ ಎಳೆಸಿದ. ಊರವರು ಗಲಾಟೆ ಮಾಡಿದ್ದಕ್ಕೆ ಒಬ್ಬ ಅಧಿಕಾರಿ ಬಂದು ರಾಜಿ ಮಾಡಿಸಿದ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಆರರಿಂದ ಆರೂವರೆ, ಸಂಜೆ ಐದೂವರೆಯಿಂದ ಆರು, ಸಾರ್ವಜನಿಕರಿಗಾಗಿ ಗೇಟು ತೆರೆಯತಕ್ಕದ್ದು. ಅರ್ಧ ಗಂಟೆ ಧಾರಾಳ ಸಾಕು, ನಾವೇ ಪರೀಕ್ಷೆ ಮಾಡಿದ್ದೇವೆ ಎಂದು ಕಾಗದದಲ್ಲಿ ಬರೆದಿತ್ತು. ಪರೀಕ್ಷೆ ಮಾಡಿದ್ದು ಸುಳ್ಳಲ್ಲ. ಸಾಹುಕಾರನ ಜೀಪಿನಲ್ಲಿ ಕೂತು ಮಾಡಿದ್ದರು.

ಮೊದಲ ದಿನ ಸೂಜಮ್ಮ ಆರಕ್ಕೆ ಸರಿಯಾಗಿ ಒಳಹೊಕ್ಕು ಎಂದಿನಂತೆ ನಡೆದಳು. ಆಚೆಯ ಗೇಟು ಮುಟ್ಟಿದಾಗ ಆರು ಐವತ್ತೆರಡು. ಬೀಗ ಬಿದ್ದಿತ್ತು. ಬೀಗದ ಆಚೆ ಕಾವಲುಗಾರ ಕುರ್ಚಿಯಲ್ಲಿ ಕೂತು ಬೀಡಿ ಹಚ್ಚಿದ್ದ.

"ತೆಗೀಯಪ್ಪ."

"ಟೈಮ್ ಆಯ್ತಲ್ಲಮ್ಮ."

"ಆಗಿದೆ ಅಂತ ನಂಗೂ ಗೊತ್ತು. ನಾನು ಒಳಗಿದೀನಿ, ಹೊರಗೆ ಬಿಡು."

"ಒಳಗೆ ಬಿಡೋಕೂ ಆರ್ಡರ್ ಇಲ್ಲ, ಹೊರಗೆ ಬಿಡೋಕೂ ಆರ್ಡರ್ ಇಲ್ಲ. ಮ್ಯಾನೇಜರ್ ಬರ್ಲಿ."

ಮ್ಯಾನೇಜರು ಬಂದದ್ದು ಹತ್ತು ಗಂಟೆಗೆ. ಚೀಟಿ ಬರೆದು ಸಹಿ ಹಾಕಿ ಅವಳನ್ನು ಬಿಡಿಸಿದ; ತಪ್ಪಿಸಿಕೊಂಡ ಹಸುವನ್ನು ದೊಡ್ಡಿಯಿಂದ ಬಿಡಿಸಿದ ಹಾಗೆ. ಅವಳು ಮನೆ ಸೇರಿದಾಗ ಅಕ್ಕ ಒದ್ದೆ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೈಯಲಿಲ್ಲ. ಬೈದಿದ್ದರೆ ಸೂಜಮ್ಮನಿಗೆ ಸಮಾಧಾನವಾಗುತ್ತಿತ್ತು.

"ಏನೂ ಆಗಿಲ್ಲ ಬಿಡೆ," ಎಂದಳು ಅಕ್ಕ, ಗೋಡೆಯ ಕಡೆಗೇ.

ಬಸ್ಸು ತಪ್ಪಿ ಸುತ್ತುದಾರಿಯಲ್ಲಿ ನಡೆದೇ ವಾಪಸ್ಸಾದ ಸೂಜಮ್ಮ ಆ ಸಂಜೆ ಯಾರದೋ ಪರದೆ ಹೊಲಿದು ಉಳಿದಿದ್ದ ಹಸಿರು ಬಟ್ಟೆಯಲ್ಲಿ ತನಗೊಂದು ಸಡಿಲ ಪ್ಯಾಂಟು ಹೊಲಿದುಕೊಂಡಳು. ಬೆಳಿಗ್ಗೆ ಗೇಟು ತೆರೆದದ್ದೇ ಓಡಿದಳು. ಸೇತುವೆಯ ಹತ್ತಿರವೇ ಉಸಿರು ಕೈಕೊಟ್ಟಿತು; ಮರ ಹಿಡಿದು ನಿಂತಳು, ಸಾಹುಕಾರನ ಏಳು ತಲೆಮಾರಿಗೆ ತಲಾ ಒಂದೊಂದು ಬೈಗುಳ ಹಂಚಿದಳು, ಮತ್ತೆ ಓಡಿದಳು. ಮೂವತ್ತೊಂಬತ್ತು ನಿಮಿಷ. ಅವತ್ತು ಕಾವಲುಗಾರನಿಗೂ ಕರುಳು ಚುರ್ ಎಂದಿರಬೇಕು, ಮೆಲ್ಲಗೆ ಬೀಗ ತೆಗೆದ. ತೆಗೆದದ್ದು ಮ್ಯಾನೇಜರಿಗೆ ತಿಳಿದು ಒಂದು ದಿನದ ಕೂಲಿ ಕಳೆದುಕೊಂಡ. ಮತ್ತೆ ಅವನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಎರಡು ವಾರ ಅವಳು ಅಂಗಡಿಯ ಬಾಗಿಲು ಹಾಕಿ ರಾತ್ರಿ ಅಕ್ಕನ ಮನೆಯಲ್ಲೇ ಉಳಿದು, ಆ ಕಡೆಯ ಬಯಲಿನಲ್ಲಿ ಓಡಿ ಓಡಿ ಕಾಲು ಪಳಗಿಸಿದಳು. ಆಮೇಲೆ ಇಪ್ಪತ್ತೊಂಬತ್ತು ನಿಮಿಷಕ್ಕೆ ತಂದಳು. ಉಳಿದವರ ಕಥೆ ಬೇರೆ. ಬುಟ್ಟಿ ಹೆಣೆಯುವ ಮುದುಕ ಓಡಲಾರ. ಅವನು ಪೇಟೆಗೆ ಬರುವುದನ್ನೇ ಬಿಟ್ಟ. ತರಕಾರಿ ಹೊರುವ ಹೆಂಗಸರು ತಲೆಯ ಮೇಲೆ ಭಾರ ಇಟ್ಟುಕೊಂಡು ಓಡುವುದೆಂತು?

ಹನ್ನೊಂದು ತಿಂಗಳು ಅವಳು ಹೀಗೆ ಓಡಿದಳು. ಎಡಗಡೆ ಕೆರೆ ಬೆಳ್ಳಗಾಗುತ್ತಿತ್ತಂತೆ, ಹೊಳೆಯ ಮೇಲೆ ಮಂಜು ಏಳುತ್ತಿತ್ತಂತೆ. ಅವಳ ಕಣ್ಣು ಕೈಗಡಿಯಾರದ ಮೇಲೆ.

ಲಾಡ್ಜಿನ ಅತಿಥಿಗಳು ಮಾತ್ರ ಎಲ್ಲವನ್ನೂ ನೋಡುತ್ತಿದ್ದರು, ಅವಳನ್ನೂ. ಒಂದು ದಿನ ಬಣ್ಣದ ಬೂಟು ಹಾಕಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಓಡುತ್ತ ಬಂದಳು.

"ಆಂಟಿ, ಸೂಪರ್! ನಿಮ್ಮ ಸ್ಪೀಡ್ ಎಷ್ಟು?"

"ಗೇಟ್ ಮುಚ್ಚೋಕೆ ಮುಂಚೆ ಎಷ್ಟೋ ಅಷ್ಟು."

ಹುಡುಗಿ ನಕ್ಕಳು. ಮುಂದಿನ ವಾರ ನಾಲ್ಕು ಜನ, ಅದರ ಮುಂದಿನ ವಾರ ಹತ್ತು ಜನ. ಸಾಹುಕಾರ ವ್ಯಾಪಾರಸ್ಥ, ದಾರಿಯಲ್ಲಿ ಬಿದ್ದದ್ದು ಒಣಗುವ ಮೊದಲೇ ಅದಕ್ಕೆ ಬೆಲೆ ಕಟ್ಟಬಲ್ಲವನು. ಎರಡು ತಿಂಗಳಲ್ಲಿ ಬಣ್ಣದ ಕರಪತ್ರ ಬಂತು. 'ಕೆರೆಯ ಮೌನ, ಹೊಳೆಯ ಹಾಡು, ಕಾಡಿನ ನೆರಳು: ನಿಮ್ಮ ಕನಸಿನ ಓಟದ ದಾರಿ.' ಕೆಳಗೆ ಹಸಿರು ಪ್ಯಾಂಟಿನ ಒಂದು ಬೆನ್ನು. 'ಓಟವೇ ಉಸಿರಾದ ನಮ್ಮೂರ ಮಹಿಳೆ.' ಅತಿಥಿಗಳಿಗೆ ಗೇಟು ದಿನವಿಡೀ ತೆರೆದಿರುತ್ತದೆ ಎಂದೂ ಇತ್ತು.

ಸೂಜಮ್ಮ ಕರಪತ್ರವನ್ನು ಎರಡು ಸಲ ಓದಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಆದರೆ ಬೈಯಲು ಎದುರಿಗೆ ಯಾರೂ ಇರಲಿಲ್ಲ.

ಮರುದಿನ ಸಾಹುಕಾರನೇ ಬಂದ. ಒಳ್ಳೆ ಬಟ್ಟೆಯ ಕೋಟು, ಆದರೆ ಎಡತೋಳು ಅರ್ಧ ಇಂಚು ಉದ್ದ. ಅದು ಅವಳಿಗೆ ಮೊದಲು ಕಂಡಿತು, ಮನುಷ್ಯ ಆಮೇಲೆ.

"ಅಮ್ಮಾ, ಭಾನುವಾರ ಓಟದ ಸ್ಪರ್ಧೆ ಇಟ್ಕೊಂಡಿದೀವಿ. ಇನ್ನೂರು ಜನ ಬರ್ತಾರೆ. ಎಲ್ಲರಿಗಿಂತ ಮುಂದೆ ನೀವು ಓಡ್ಬೇಕು. ನೀವೇ ನಮ್ಮ ಹೆಮ್ಮೆ."

"ನಾನು ನಿಮ್ಮ ಹೆಮ್ಮೆ ಯಾವಾಗ ಆದೆ? ಬೀಗ ಹಾಕಿದ ದಿನವಾ, ಫೋಟೋ ತೆಗೆದ ದಿನವಾ?"

ಸಾಹುಕಾರ ಹಲ್ಲು ಬಿಟ್ಟ. ಬೆಣ್ಣೆ ಹಚ್ಚುವುದರಲ್ಲಿ ಅವನದು ನುರಿತ ಕೈ. ಜೇಬಿನಿಂದ ಎರಡು ಕೀ ಇದ್ದ ಬಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಎರಡು ಗೇಟಿಗೂ ಒಂದೊಂದು. ನಿಮಗೆ ಮಾತ್ರ. ಇನ್ಮೇಲೆ ನೀವು ಯಾವ ಹೊತ್ತಲ್ಲಾದ್ರೂ ದಾಟಬಹುದು."

"ಬುಟ್ಟಿ ಹೆಣೆಯೋ ಅಜ್ಜ?"

"ಅಯ್ಯೋ, ಎಲ್ಲರಿಗೂ ಕೊಟ್ರೆ ಗೇಟ್ ಯಾಕೆ ಬೇಕು ಹೇಳಿ!"

ಅದೇ ಪ್ರಶ್ನೆಯನ್ನು ಅವಳು ಹನ್ನೊಂದು ತಿಂಗಳಿಂದ ಕೇಳುತ್ತಿದ್ದಳು. ಆದರೂ ಕೀ ತೆಗೆದುಕೊಂಡಳು. ಸಾಹುಕಾರ ಗೆದ್ದ ಖುಷಿಯಲ್ಲಿ ಹೋದ.

ಶನಿವಾರ ಅಕ್ಕನ ತಲೆ ಬಾಚುತ್ತ ಅವಳು ಎಲ್ಲ ಹೇಳಿದಳು. ಬಾಚುವ ಕೈ ಬಿರುಸಾಗಿತ್ತು.

"ಮೆಲ್ಲಗೆ ಮಾರಾಯ್ತಿ, ಕೂದಲು ನಂದು, ಸಾಹುಕಾರಂದಲ್ಲ. ಕೀ ಮುಖಕ್ಕೆ ಎಸೀಬೇಕಿತ್ತು ಅಂತೀಯಾ?"

"ಎಸೆದ್ರೆ ನಿನ್ನ ಹಾಸಿಗೆ ಬದಲಿಸೋರು ಯಾರು? ಇಟ್ಕೊಂಡ್ರೆ ಅಜ್ಜನ ಮುಖ ನೋಡೋದು ಹೇಗೆ? ಇಟ್ಕೊಂಡಿದೀನಿ, ಹೊಟ್ಟೆ ಉರೀತಿದೆ."

ಅಕ್ಕನ ಸೊಂಟ ಮುರಿದಿತ್ತೇ ಹೊರತು ತಲೆಗೆ ಏನೂ ಆಗಿರಲಿಲ್ಲ.

"ಯಾವ ಹೊತ್ತಲ್ಲಾದ್ರೂ ದಾಟು ಅಂದ, ಸರಿ. ಎಷ್ಟು ಹೊತ್ತಲ್ಲಿ ದಾಟಿ ಮುಗಿಸ್ಬೇಕು ಅಂತ ಹೇಳಿದ್ನಾ?"

ಸೂಜಮ್ಮನ ಕೈ ನಿಂತಿತು. ಬಳೆಯಿಂದ ಒಂದು ಕೀ ಬಿಡಿಸಿ ಅಕ್ಕನ ಮಡಿಲಿಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಐದೂವರೆಗೆ ಅವಳು ಹೊಲಿಗೆ ಮಿಷನ್ನನ್ನು ತರಕಾರಿ ಗಾಡಿಯಲ್ಲಿ ಹೇರಿಸಿಕೊಂಡು ಕೆರೆಯ ಕಡೆಯ ಗೇಟಿಗೆ ಬಂದಳು. ಬೀಗ ತೆಗೆದು, ಗೇಟಿನ ರೆಕ್ಕೆಗಳನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸರಿಯಾಗಿ ಹೊಸ್ತಿಲ ಗೆರೆಯ ಮೇಲೆ ಮಿಷನ್ನು ಇಳಿಸಿ ಕೂತಳು. ಸ್ಪರ್ಧೆಯವರು ಎದೆಗೆ ನಂಬರು ಅಂಟಿಸಿಕೊಂಡು ಬರುವ ಹೊತ್ತಿಗೆ ಅವಳು ಒಂದು ಅಂಗಿಯ ಕಾಲರು ಮುಗಿಸಿದ್ದಳು. ಸಾಹುಕಾರ ಓಡಿಬಂದ, ಬಹುಶಃ ಆ ದಾರಿಯಲ್ಲಿ ಅವನು ಓಡಿದ್ದು ಅದೇ ಮೊದಲು.

"ಏನಮ್ಮಾ ಇದು?"

"ದಾಟ್ತಾ ಇದೀನಿ ಸ್ವಾಮಿ."

"ಮಿಷನ್ ಇಟ್ಕೊಂಡು ಕೂತಿದೀರಲ್ಲ!"

"ನಿಧಾನಕ್ಕೆ ದಾಟ್ತಾ ಇದೀನಿ. ವಯಸ್ಸಾಯ್ತು ನೋಡಿ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆಚೆಯ ಗೇಟಿನ ಕಾವಲುಗಾರ. ಅವನ ದನಿ ಸುತ್ತ ನಿಂತವರಿಗೂ ಕೇಳಿಸಿತು.

"ಸಾರ್, ಇಲ್ಲೊಬ್ಬಮ್ಮ ಗೇಟ್ ಮಧ್ಯ ಕುರ್ಚಿ ಹಾಕ್ಕೊಂಡು ಕೂತವ್ರೆ. ಊರವರೇ ಹೊತ್ಕೊಂಡು ಬಂದು ಕೂರಿಸಿದ್ರು. ತಂಗಿ ಬರ್ತಾ ಇದಾಳೆ, ಬರೋವರೆಗೆ ಮುಚ್ಚೋ ಹಾಗಿಲ್ಲ ಅಂತಾರೆ. ಏನ್ ಮಾಡ್ಲಿ?"

ಇನ್ನೂರು ಜನರಲ್ಲಿ ಯಾರೋ ಕಿಸಕ್ಕೆಂದರು. ಸಾಹುಕಾರನ ಮುಖ ಕೆಂಪಾಯಿತು.

"ಇದು ನನ್ನ ಜಾಗ. ಎದ್ದೇಳಿ ಮೊದಲು!"

ಸೂಜಮ್ಮ ಬಾಯಿಂದ ಸೂಜಿ ತೆಗೆದಳು. ಎದ್ದು ನಿಂತಳು.

"ಓಟವೇ ಉಸಿರು ಅಂತ ಬರೆಸಿದ್ರಲ್ಲ? ಕೇಳಿ ಎಲ್ಲರೂ. ನಾನು ಓಡೋದು ಆರೋಗ್ಯಕ್ಕಲ್ಲ. ಐವತ್ತೆರಡು ನಿಮಿಷದ ದಾರಿಗೆ ಇವರು ಮೂವತ್ತು ನಿಮಿಷ ಕೊಟ್ಟಿದಾರೆ. ಮೊದಲನೇ ದಿನ ನಡೆದೆ. ಒಳಗೆ ಹಾಕಿ ಬೀಗ ಜಡಿದ್ರು. ಎದ್ದು ಕೂರೋಕೂ ಆಗದ ನಮ್ಮಕ್ಕ ಹತ್ತೂವರೆವರೆಗೆ ಒದ್ದೆ ಹಾಸಿಗೇಲಿ ಮಲಗಿದ್ಲು. ಆ ಓಟ ಇದು. ನೀವು ಕಾಸು ಕೊಟ್ಟು ಓಡೋಕೆ ಬಂದಿದೀರಿ, ಓಡಿ, ನಾನು ತಡೆಯಲ್ಲ, ಪಕ್ಕದಲ್ಲಿ ಜಾಗ ಇದೆ. ಆದ್ರೆ ನಂಗೆ ಓಡೋದು ಬೇಡ. ನಂಗೆ ನಡೀಬೇಕು!"

ಯಾರೂ ಕಿಸಕ್ಕೆನ್ನಲಿಲ್ಲ. ಬಣ್ಣದ ಬೂಟಿನ ಹುಡುಗಿ ಎದೆಯ ನಂಬರನ್ನು ಕಿತ್ತು ಸಾಹುಕಾರನ ಕೈಗೆ ಕೊಟ್ಟು, ಮಿಷನ್ನಿನ ಪಕ್ಕದಿಂದ ಒಳಗೆ ಹೋಗಿ ನಡೆಯತೊಡಗಿದಳು. ಅವಳ ಹಿಂದೆ ಕೆಲವರು ನಡೆದರು, ಕೆಲವರು ಕೊಟ್ಟ ಕಾಸು ಹಾಳಾಗಬಾರದೆಂದು ಓಡಿಯೇಬಿಟ್ಟರು. ಗಿರಾಕಿಗಳ ಎದುರಿಗೆ ಸಾಹುಕಾರ ಏನು ಮಾಡಿಯಾನು? ಫೋನಿನಲ್ಲಿ ಕಾವಲುಗಾರನಿಗೆ ಹಲ್ಲು ಕಡಿದು ಹೇಳಿದ:

"ಇವತ್ತೊಂದಿನ ಇರ್ಲಿ ಬಿಡು."

ಆ ಒಂದು ದಿನ ಒಂಬತ್ತು ದಿನವಾಯಿತು. ಆಚೆಯ ಗೇಟಿನಲ್ಲಿ ಅಕ್ಕನ ಕುರ್ಚಿ, ಈಚೆಯ ಗೇಟಿನಲ್ಲಿ ಮಿಷನ್ನು. ಸೂಜಮ್ಮ ಬೆಳಗಾದರೆ ಅಕ್ಕನ ಕೆಲಸಕ್ಕೆ ಹೋಗಿಬರುವಷ್ಟು ಹೊತ್ತು ತರಕಾರಿ ಹೆಂಗಸರು ಸರದಿಯಲ್ಲಿ ಮಿಷನ್ನು ಕಾಯುತ್ತಿದ್ದರು. ಬಂದ ಮೇಲೆ ಅವಳು ಅಲ್ಲೇ ಕೂತು ಹೊಲಿಯುತ್ತಿದ್ದಳು. ಆದರೂ ಆ ದಿನಗಳಲ್ಲಿ ಅವಳು ಓಡಿಯೇ ಹೋದಳು. ಬೆನ್ನು ತಿರುಗಿಸಿದರೆ ಬೀಗ ಬೀಳುತ್ತದೆಂಬ ಗುಮಾನಿ. ಹತ್ತನೆಯ ದಿನ ಲಾಡ್ಜಿನವರು ಗೇಟುಗಳನ್ನು ಬಿಚ್ಚಿ ಬಣ್ಣ ಹಚ್ಚಲೆಂದು ಒಯ್ದರು. ಸೋತೆ ಎನ್ನಲು ಬಾಯಿ ಬಾರದವರು ಬಣ್ಣದ ಡಬ್ಬಿ ಹಿಡಿಯುತ್ತಾರೆ. ಎರಡು ಮಳೆಗಾಲ ಕಳೆದರೂ ಆ ಬಣ್ಣ ಒಣಗಿಲ್ಲ.

ಹನ್ನೊಂದನೆಯ ಬೆಳಿಗ್ಗೆ ಸೂಜಮ್ಮ ನಡೆದಳು. ಕಾಲು ಓಡಲು ಎಳೆಯುತ್ತಿತ್ತು, ಅದಕ್ಕೂ ಬೈದಳು. ಸೇತುವೆಯ ಮೇಲೆ ಬುಟ್ಟಿ ಅಜ್ಜ ಎದುರಾದ, ನಿಂತು ಮಾತಾಡಿದ, ಹೋಗಲು ಬಿಡಲಿಲ್ಲ. ಕೆರೆಯ ಒಂದು ಮೂಲೆಯಲ್ಲಿ ನೀರುಹಕ್ಕಿಗಳು ಮರಿ ಮಾಡಿದ್ದವು. ಯಾವಾಗ ಬಂದವೋ, ಅವಳಿಗೆ ತಿಳಿದೇ ಇರಲಿಲ್ಲ. ನೋಡುತ್ತ ನಿಂತಷ್ಟೂ ಅವಳ ಸಿಟ್ಟು ಇಳಿಯಲಿಲ್ಲ, ಏರಿತು. ಇಷ್ಟನ್ನೂ ಹನ್ನೊಂದು ತಿಂಗಳು ತನ್ನ ಕಣ್ಣೆದುರಿನಿಂದಲೇ ಕದ್ದಿದ್ದರಲ್ಲ!

ಮನೆ ಮುಟ್ಟಿದಾಗ ಏಳು ದಾಟಿತ್ತು. ಅಕ್ಕ ಬಾಗಿಲ ಕಡೆಗೆ ಮುಖ ಮಾಡಿ ಕಾಯುತ್ತಿದ್ದಳು.

"ಎಷ್ಟು ಹೊತ್ತೇ? ಸತ್ತಿದೀಯೋ ಬದುಕಿದೀಯೋ ಅಂತ ನೋಡ್ತಾ ಇದ್ದೆ."

"ಬೈಯ್ಯಿ, ಚೆನ್ನಾಗಿ ಬೈಯ್ಯಿ," ಎನ್ನುತ್ತ ಸೂಜಮ್ಮ ಒಲೆಯ ಮೇಲೆ ನೀರಿಟ್ಟಳು. "ನಡ್ಕೊಂಡು ಬಂದೆ ಕಣಕ್ಕ."