ಪಾರಾಯಣದ ನಡುವೆ ಕಡಿದ ವೈ-ಫೈ

ಕಳೆದ ಮಳೆಗಾಲದಲ್ಲಿ ಕೋಪರಖೈರಣೆಯ ನನ್ನ ತಂಗಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ದೇವಸ್ಥಾನಕ್ಕೆ ಹೋಗುವುದು ತಪ್ಪಿತೆಂದು ಅವಳೊಂದು ವ್ರತ ತೊಟ್ಟಳು: ನಲವತ್ತೆಂಟು ದಿನ, ನನ್ನ ಬಾಯಿಂದ ಸಹಸ್ರನಾಮವನ್ನು ಆದ್ಯಂತ ಕೇಳಿದ ಮೇಲೆಯೇ ಬೆಳಗಿನ ಕಾಫಿ. ಸಕ್ಕರೆ ಕಾಯಿಲೆಯವಳು, ತಿಂಡಿಯೂ ಮಾತ್ರೆಯೂ ಆ ಕಾಫಿಯ ಹಿಂದೆಯೇ ಕಾಯಬೇಕು.

ನಾನಿರುವುದು ದಿನವೂ ಹೋಗಿಬರಲಾಗದಷ್ಟು ದೂರದ ಠಾಕುರ್ಲಿಯಲ್ಲಿ. ಪಾರಾಯಣವು ವೀಡಿಯೊ ಕರೆಯಲ್ಲೇ ಸಾಗಬೇಕಾಯಿತು. ಅದಕ್ಕೆಂದು ನನ್ನೊಂದಿಗಿರುವ ಮೊಮ್ಮಗಳು ತನ್ನದೊಂದು ಲ್ಯಾಪ್‌ಟಾಪನ್ನು ದೇವರ ಕೋಣೆಯಲ್ಲಿ, ದೀಪದಿಂದ ಮರ್ಯಾದೆಯ ದೂರದಲ್ಲಿ, ಪ್ರತಿಷ್ಠಾಪಿಸಿದಳು. ಅವಳಿಗೆ ಘಣಸೋಲಿಯ ಒಂದು ಕಚೇರಿಯಲ್ಲಿ ಕೆಲಸ. ವೈ-ಫೈ ಚಿಪ್ಪಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ನಿಂತು ಮಾತು ಮುಟ್ಟಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಬರೆಯುತ್ತಾಳೆ. ಆ ಯಂತ್ರದಲ್ಲಿದ್ದುದು ಅವಳೇ ಬರೆದು ಇನ್ನೂ ಪರೀಕ್ಷಿಸುತ್ತಿದ್ದ ಡ್ರೈವರ್. ಅರಿಯದೆಯೇ ನಾನೂ ಆ ಪರೀಕ್ಷೆಗೆ ಒಳಗಾದೆ.

ಮೊದಲ ದಿನವೇ ಮುನ್ನೂರನೆಯ ನಾಮದ ಹತ್ತಿರ ಸಂಪರ್ಕ ಕಡಿದು ತಂಗಿಯ ಮುಖ ಮಾಯವಾಯಿತು. ನಡುವೆ ತುಂಡಾದ ಪಾಠ ಮೊದಲಿನಿಂದಲೇ ಆಗಬೇಕೆಂಬುದು ನನ್ನ ನಿಷ್ಠೆ. ಎದ್ದು ಕಾಲು ತೊಳೆದು, ಆಚಮನ ಮಾಡಿ, ಸಂಕಲ್ಪದಿಂದ ಆರಂಭಿಸಿದೆ. ಐನೂರರಲ್ಲಿ ಮತ್ತೆ ಕಡಿಯಿತು. ಮತ್ತೆ ಆಚಮನ. ಏಳಕ್ಕೆ ಆಗಬೇಕಾದ ಕಾಫಿ ಹತ್ತಕ್ಕಾಯಿತು. ನಾಲ್ಕನೆಯ ದಿನ ಸಕ್ಕರೆ ಇಳಿದು ತಂಗಿಯ ಕೈ ನಡುಗುವುದು ಪರದೆಯ ಮೇಲೂ ಕಂಡಿತು.

“ಅಣ್ಣ, ಮೊದಲ ಮುನ್ನೂರು ನಾಮ ನನಗೀಗ ನಿದ್ದೆಯಲ್ಲೂ ಬರ್ತದೆ. ಕೊನೆಯ ನೂರಕ್ಕೆ ನಮ್ಮ ಮೇಲೆ ಎಂತ ಸಿಟ್ಟೋ!”

“ಕಾಫಿ ಕುಡಿದುಬಿಡು, ಮಾರಾಯ್ತಿ.”

“ನೀನು ಆಚಮನ ಬಿಡು, ನಾನು ವ್ರತ ಬಿಡ್ತೇನೆ.”

ನಮ್ಮ ಮನೆತನದ ಹಟ ಇಬ್ಬರಿಗೂ ಸಮಪಾಲು.

ಆ ಭಾನುವಾರ ಮೊಮ್ಮಗಳು ಪಕ್ಕದಲ್ಲೇ ಕುಳಿತು ನೋಡಿದಳು. ಸಂಪರ್ಕ ಕಡಿಯಿತು, ನಾನು ಎದ್ದೆ.

“ಅಜ್ಜಾ, ಎಲ್ಲಿಗೆ?”

“ಕಾಲು ತೊಳೆಯಲು.”

“ಅರೇ, ಮತ್ತೆ ಒಂದರಿಂದ? ನೀವು ಸೇಮ್ ನನ್ನ ಡ್ರೈವರ್ ಥರಾನೇ!”

ಅವಳ ವಿವರಣೆ ಹೀಗಿತ್ತು. ಹಾಲ್‌ನಲ್ಲಿರುವ ರೌಟರ್ ‘ನಾನಿದ್ದೇನೆ’ ಎಂದು ಸೆಕೆಂಡಿಗೆ ಹಲವು ಬಾರಿ ಸಾರುತ್ತಿರುತ್ತದೆ. ನಡುವೆ ಗೋಡೆ, ಗೋಡೆಗೊರಗಿ ಉಕ್ಕಿನ ಕಪಾಟು. ಆಗಾಗ ನಾಲ್ಕಾರು ಕೂಗು ದೇವರ ಕೋಣೆಗೆ ಕೇಳಿಸುವುದಿಲ್ಲ. ಅಷ್ಟಕ್ಕೇ ಅವಳ ಡ್ರೈವರ್ ‘ಎಲ್ಲ ಮುಗಿಯಿತು’ ಎಂದು ಸಿಸ್ಟಮ್ಮಿಗೆ ವರದಿ ಒಪ್ಪಿಸುತ್ತದೆ. ಸಿಸ್ಟಮ್ಮು ನಡೆಯುತ್ತಿದ್ದ ಕರೆಯನ್ನು ಬಿಸುಟು ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಒಳ್ಳೆಯ ಡ್ರೈವರ್ ತುಸು ತಾಳಿ, ಇದ್ದುದನ್ನು ಹಾಗೆಯೇ ಹಿಡಿದುಕೊಂಡು, ಅದೇ ರೌಟರನ್ನು ಇನ್ನೊಮ್ಮೆ ಕರೆದು ನೋಡಬೇಕು. ಓಗೊಡದಿದ್ದರೆ ಮಾತ್ರ ಸುದ್ದಿ ಮೇಲಕ್ಕೆ ಹೋಗಬೇಕು.

“ಎಷ್ಟು ಹೊತ್ತು ತಾಳಬೇಕು?” ಎಂದೆ.

“ಅದೇ ಪ್ರಾಬ್ಲೆಮ್. ನೀವೇ ಹೇಳಿ.”

“ಮೂರು ಪ್ರಾಣಾಯಾಮ.”

“ಅಜ್ಜಾ, ಅಷ್ಟರಲ್ಲಿ ಕಾಲ್ ಸ್ವರ್ಗಕ್ಕೆ ಹೋಗಿರತ್ತೆ! ಎರಡು ಮೂರು ಸೆಕೆಂಡ್, ಬಸ್, ಅಷ್ಟೇ.”

ನಕ್ಕೆನಾದರೂ ಮಾತು ನಾಟಿತು. ಪಾಠದ ನಡುವೆ ಸೀನು ಬಂದರೆ ಬಲಗಿವಿಯನ್ನು ಮುಟ್ಟು, ಅದೇ ಆಚಮನಕ್ಕೆ ಸಮ, ಬಿಟ್ಟಲ್ಲಿಂದ ಮುಂದುವರಿಸು ಎಂದು ಗುರುಗಳು ಬಾಲ್ಯದಲ್ಲೇ ಕಲಿಸಿದ್ದರು. ಸೀನಿಗಿರುವ ಕ್ಷಮೆ ರೌಟರಿಗೆ ಏಕಿರಬಾರದು? ಶಾಸ್ತ್ರವೇ ಕೊಟ್ಟ ಸಲಿಗೆಯನ್ನು ಮರೆತು, ನನ್ನ ನಿಷ್ಠೆಯ ಭಾರವನ್ನೆಲ್ಲ ತಂಗಿಯ ಹೊಟ್ಟೆಯ ಮೇಲೆ ಹೊರಿಸಿದ್ದೆ.

ಡ್ರೈವರನ್ನು ತಿದ್ದಲು ಮೊಮ್ಮಗಳಿಗೆ ಇನ್ನೊಂದು ವಾರ ಬೇಕಿತ್ತು. ನನ್ನ ತಿದ್ದುಪಡಿ ಮಾರನೆಯ ಬೆಳಿಗ್ಗೆಯೇ ಆಯಿತು. ಮುನ್ನೂರರ ಬಳಿ ಪರದೆ ಕಪ್ಪಾದಾಗ ಬಲಗಿವಿ ಮುಟ್ಟಿ, ಕುಳಿತಲ್ಲೇ ಕುಳಿತೆ. ಮೊಮ್ಮಗಳು ಕರೆಯನ್ನು ಮತ್ತೆ ಕೂಡಿಸಿದಳು. ತಂಗಿ ಕಂಡೊಡನೆ ಮುಂದಿನ ನಾಮ ಹೇಳಿದೆ.

“ಎಂತ ಅಣ್ಣ, ಸಂಕಲ್ಪ ಇಲ್ಲವಾ?”

“ಸುಮ್ಮನೆ ಕೇಳು.”

ಏಳೂಕಾಲಕ್ಕೆ ಫಲಶ್ರುತಿ ಮುಗಿಯಿತು. ಇಷ್ಟು ಬೇಗ ಮುಗಿದೀತೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅವಳ ಸೊಸೆ ಹಾಲು ತರಲು ಇನ್ನೂ ಹೊರಟಿರಲೇ ಇಲ್ಲ.

“ನಿನ್ನ ಹತ್ತು ಗಂಟೆಯನ್ನು ನಂಬಿದ್ದಕ್ಕೆ ಹಾಲಿಲ್ಲದ ಕಾಫಿ ನೋಡು,” ಎಂದು ತಂಗಿ ಮುಖ ಕಿವುಚಿಕೊಂಡೇ ಲೋಟ ಖಾಲಿಮಾಡಿ, ಮಾತ್ರೆಗೆ ಕೈಚಾಚಿದಳು.