ಪಟ್ಟದ ಗೊಂಬೆಗಳ ನಡುವಿನ ಬಾಂಬರ್

ಪಕ್ಕದ ಮನೆ ಅಂಕಲ್ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟು ಇರುತ್ತಿತ್ತು. ನಾವು ಮಾತಾಡುತ್ತಿದ್ದರೆ ಅದನ್ನು ಸುಲಿದು ನಮ್ಮ ಕಾರ್ಪೆಟ್ಟಿನ ಮೇಲೆ ಉದುರಿಸುತ್ತಿದ್ದರು. ಮೈಸೂರಿನವರು, ನಿವೃತ್ತ ಎಂಜಿನಿಯರ್. ಅಮೆರಿಕದ ಮಾರ್ಗನ್ ಹಿಲ್‌ನ ಮನೆಯ ಗರಾಜಿನಲ್ಲಿ ಕೂತು ವಿಮಾನದ ಮಾದರಿಗಳನ್ನು ಮಾಡುತ್ತಿದ್ದರು. ಕೆಲಸ ಅಚ್ಚುಕಟ್ಟು. ಅವರ ಪರವಾಗಿ ಹೇಳಬಹುದಾದದ್ದು ಅಷ್ಟೇ.

ಅವರ ಹೆಮ್ಮೆ ‘ವಾಷಿಂಗ್ಟನ್’ ಎಂಬ ಬಾಂಬರ್. ಎರಡನೇ ಮಹಾಯುದ್ಧದ ನಂತರ, ಸ್ವಂತ ಜೆಟ್ ಬಾಂಬರುಗಳು ಸಿದ್ಧವಾಗುವವರೆಗೆ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಎರವಲು ತಂದ ವಿಮಾನ ಅದು. ಕೆಲವು ವರ್ಷ ಹಾರಿಸಿ, ಹೆಚ್ಚಿನವನ್ನು ಹಿಂದಿರುಗಿಸಿದರು. ಇದೆಲ್ಲ ನನಗೆ ತಿಳಿದದ್ದು ಅವರಿಂದಲೇ. ಆ ಋಣವನ್ನು ಒಪ್ಪುತ್ತೇನೆ.

ಆಂಟಿ ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ಮೇಲಿನ ಮೆಟ್ಟಿಲಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು. ಅಂಕಲ್ ಆ ರಾಜ-ರಾಣಿಯರನ್ನು ಆಚೀಚೆ ಸರಿಸಿ ನಡುವೆ ಬಾಂಬರ್ ಇಡುತ್ತಿದ್ದರು. ಬಂದವರಿಗೆ ಆಂಟಿ ಕುಂಕುಮ ಕೊಡುವ ಮೊದಲೇ ಇವರ ಪ್ರಶ್ನೆ.

ಒಮ್ಮೆ ರೇಷ್ಮೆ ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು.

“ಇದು ಯಾರ ಪ್ಲೇನು, ಹೇಳು?”

ರೆಕ್ಕೆಯ ಮೇಲಿನ ಗುರುತು ನೋಡಿ ಅವಳು, “ಬ್ರಿಟಿಷ್?” ಎಂದಳು.

“ರಾಂಗ್! ಎರವಲು ತಂದಿದ್ದು. ಬಣ್ಣ ಬಳಿದ ಮಾತ್ರಕ್ಕೆ ಅವರದಾಗಿಬಿಡತ್ತಾ?” ತಾಯಿಯತ್ತ ತಿರುಗಿದರು. “ಇಬ್ಬರೂ ಎಂಜಿನಿಯರ್ಸು ಅಂತೀರ. ಮಗೂಗೆ ಏನ್ರೀ ಕಲಿಸಿದೀರ?”

ಹುಡುಗಿ ಅಳತೊಡಗಿದಳು.

“ರೀ, ಮಗು ರೀ ಅದು,” ಎಂದರು ಆಂಟಿ.

“ಮತ್ತೆ ನಿನ್ನ ಗೊಂಬೆಗಳಿಗೆ ಹೇಳ್ಲಾ?”

ಆ ತಾಯಿ ಕುಂಕುಮ ತೆಗೆದುಕೊಳ್ಳದೆ ಹೊರಟುಹೋದರು. ವಿಷಯ ಎಲ್ಲರ ವಾಟ್ಸ್ಯಾಪಿಗೂ ಮುಟ್ಟಿತು. ಮರುವರ್ಷ ಗೊಂಬೆ ನೋಡಲು ಬಂದದ್ದು ನಮ್ಮ ಮನೆಯವರು ಮಾತ್ರ. ಆಂಟಿ ಕಡಲೆ ಉಸ್ಲಿಯನ್ನು ಡಬ್ಬಿಗಳಿಗೆ ತುಂಬಿ ನಮಗೇ ಕೊಟ್ಟರು.

“ಪೂರಾ ತಗೊಂಡ್ಹೋಗಿ. ಇನ್ಯಾರೂ ಬರಲ್ಲ.”

ಅಂಕಲ್ ಗರಾಜಿನಲ್ಲಿದ್ದರು. ಅವರಿಗೆ ಅದು ಕೇಳಿಸಿರಬೇಕು. ಹೊರಗೆ ಬರಲಿಲ್ಲ.

ಆ ಚಳಿಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಒಳ್ಳೆಯ ಮಾತು ಹುಡುಕಲು ಎಲ್ಲರೂ ಕಷ್ಟಪಟ್ಟರು, ನಾನೂ.

ವರ್ಷಾಂತಿಕ ಕಳೆದ ಮೇಲೆ ಆಂಟಿ ಮತ್ತೆ ಗೊಂಬೆ ಕೂರಿಸಿದರು. ಕುಂಕುಮವನ್ನು ಹಬ್ಬಕ್ಕೆ ಬಂದಿದ್ದ ತಮ್ಮ ಮಗಳ ಕೈಯಲ್ಲಿ ಕೊಡಿಸಿದರು. ಬಾಗಿಲ ಬಳಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ರಾಜ-ರಾಣಿ ಒತ್ತಾಗಿ ನಿಂತಿದ್ದರು. ಅಂದು ಅತ್ತಿದ್ದ ಹುಡುಗಿಯೂ ಬಂದಿದ್ದಳು. ತಾಯಿಯ ಸೆರಗು ಹಿಡಿದು ಮೆಟ್ಟಿಲನ್ನೇ ನೋಡುತ್ತಿದ್ದಳು.

“ಅಜ್ಜಿ, ಪ್ಲೇನ್ ಎಲ್ಲಿ?”

ಆಂಟಿ ಅವಳ ಕೈಗೆ ಉಸ್ಲಿಯ ಬಟ್ಟಲು ಕೊಟ್ಟರು.

“ಎರವಲು ತಂದಿದ್ದಲ್ವೇನಮ್ಮಾ? ವಾಪಸ್ ಕಳಿಸ್ಬಿಟ್ಟೆ.”

ಆ ಸಂಜೆ ಉಸ್ಲಿ ಮಿಗಲಿಲ್ಲ.